ಕೊಳೆಯದ ಎಲೆಗಳು

“ಒಂಬತ್ತು ಗ್ರಾಂ,” ಎಂದರು ಸೀತಾರಾಮ ಸರ್. ತಕ್ಕಡಿಯ ಮುಳ್ಳು ಅಲ್ಲಾಡುವುದು ನಿಂತ ಮೇಲೆ ಬಗ್ಗಿ ಇನ್ನೊಮ್ಮೆ ನೋಡಿದರು. “ಹೌದು, ಒಂಬತ್ತೇ.”

ನಸ್ರೀನ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅದು ಪ್ರದೀಪನ ಕೊನೆಯ ಚೀಲ. ಅವನ ಆರು ಚೀಲಗಳಲ್ಲೂ ಒಂಬತ್ತರ ಆಸುಪಾಸೇ ಬಂದಿತ್ತು. ಅವಳ ಆರು ಚೀಲಗಳಲ್ಲಿ ಒಂದೂ ನಾಲ್ಕು ಗ್ರಾಂ ದಾಟಿರಲಿಲ್ಲ.

ಏಳನೇ ಕ್ಲಾಸಿನ ಇವರಿಬ್ಬರೂ ನವೆಂಬರಿನಲ್ಲಿ ಉದುರಿದ ಹೊಂಗೆ ಎಲೆ ಆರಿಸಿ ತಂದು ಒಣಗಿಸಿದ್ದರು. ಒಂದೊಂದು ಬಟ್ಟೆಚೀಲಕ್ಕೆ ಹತ್ತು ಗ್ರಾಂ ತುಂಬಿ, ಕಿಗ್ಗದ ಕಾಡಿನ ಹಳ್ಳದಲ್ಲಿ ಮುಳುಗಿಸಿ ಕಟ್ಟಿದ್ದರು. ನಸ್ರೀನಳ ಆರು ಚೀಲ ಅಲ್ಲಿನ ದೊಡ್ಡ ಬಂಡೆಯ ಹತ್ತಿರ. ಪ್ರದೀಪನ ಆರು ಸ್ವಲ್ಪ ಕೆಳಗೆ, ಅವನ ಮನೆಯ ಮುಂದೆ ಹಳ್ಳ ದಾಟಲು ಹಾಕಿದ ಕಾಲುಸಂಕದ ಬಳಿ.

ನೀರಿಗೆ ಬಿದ್ದ ಎಲೆಯನ್ನು ಮೊದಲು ತಿನ್ನುವುದು ಕಣ್ಣಿಗೆ ಕಾಣದಷ್ಟು ಸಣ್ಣ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಎಂದು ಸರ್ ಹೇಳಿದ್ದರು. ಬೂಷ್ಟು ಎಲೆಯನ್ನು ಮೆತ್ತಗೆ ಮಾಡಿದ ಮೇಲೆ ಹುಳಗಳಿಗೆ ಊಟ, ಆ ಹುಳಗಳಿಂದ ಮೀನಿಗೆ ಊಟ. ಬೂಷ್ಟಿನ ಕೆಲಸ ಮಾತ್ರ ನೋಡಬೇಕಾದರೆ ಹುಳ ನುಗ್ಗದಂಥ ಒತ್ತು ನೇಯ್ಗೆಯ ಬಟ್ಟೆ ಬೇಕಿತ್ತು. ನಸ್ರೀನಳ ಅಮ್ಮಿ ರಹೀಮುನ್ನೀಸಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹನ್ನೆರಡು ಚೀಲಗಳನ್ನೂ ಅವಳೇ ಹೊಲಿದುಕೊಟ್ಟಿದ್ದಳು.

ಏಳು ವಾರದ ಮೇಲೆ ತೆಗೆದು ಒಣಗಿಸಿದಾಗ ನಸ್ರೀನಳ ಎಲೆಗಳಲ್ಲಿ ಉಳಿದದ್ದು ನರಗಳ ಬಲೆ ಮಾತ್ರ. ಪ್ರದೀಪನ ಎಲೆಗಳು ಕಂದು ಬಣ್ಣಕ್ಕೆ ತಿರುಗಿದ್ದವು, ಆದರೆ ಇಡಿಯಾಗಿಯೇ ಇದ್ದವು.

ಶನಿವಾರ ಕೊಪ್ಪದಲ್ಲಿ ವಿಜ್ಞಾನ ಪ್ರದರ್ಶನ. ಇವತ್ತು ಗುರುವಾರ.

“ಒಂದೇ ಹಳ್ಳ, ಒಂದೇ ಎಲೆ. ಮತ್ತೆ ಯಾಕೆ ಹೀಗೆ?” ಸರ್ ಕೇಳಿದರು.

ನಸ್ರೀನಳ ಬಾಯಿಂದ ಮಾತು ಸರಾಗವಾಗಿ ಬಂತು. “ಇವನು ಮೊದಲೇ ಕಟ್ಟಿರ್ಲಿಕ್ಕಿಲ್ಲ ಸರ್. ಮೊನ್ನೆ ಮೊನ್ನೆ ಹೊಸ ಎಲೆ ತುಂಬಿ ಹಾಕಿದಾನೆ. ಹಗ್ಗ ನೋಡಿ, ಹೊಸದು.”

ಕ್ಲಾಸೆಲ್ಲ ಪ್ರದೀಪನ ಕಡೆ ತಿರುಗಿತು.

“ಎಮ್ಮೆ ತುಳ್ದು ಹಗ್ಗ ತುಂಡಾಗಿತ್ತು,” ಎಂದ ಪ್ರದೀಪ. “ಅದಕ್ಕೆ ಬೇರೆ ಕಟ್ಟಿದ್ದೆ.”

“ಪಾಪ, ಎಮ್ಮೆ ಎಲೆ ಮಾತ್ರ ಮುಟ್ಲಿಲ್ವಾ ಮಾರಾಯ?” ಹಿಂದಿನ ಬೆಂಚಿನಿಂದ ರಾಜೇಶ ಕೇಳಿದ. ಎಲ್ಲರೂ ನಕ್ಕರು.

ಪ್ರದೀಪನ ಕಿವಿ ಕೆಂಪಾದವು. “ನಂಬದಿದ್ರೆ ಬಿಡಿ,” ಎಂದು ಕೂತುಬಿಟ್ಟ.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾಳೆಯೊಳಗೆ ಕಾರಣ ಗೊತ್ತಾಗಬೇಕು. ಇಲ್ಲಾಂದ್ರೆ ನಸ್ರೀನಳ ಆರು ಚೀಲ ಮಾತ್ರ ಕೊಪ್ಪಕ್ಕೆ ಹೋಗ್ತದೆ. ಪ್ರದೀಪನ ಹೆಸರು ಚಾರ್ಟಲ್ಲಿ ಇರಲ್ಲ.”

ಸಂಜೆ ನಸ್ರೀನ್ ಪ್ರದರ್ಶನಕ್ಕೆಂದು ಖಾಲಿ ಚೀಲಗಳನ್ನು ಒಗೆಯಲು ಕೂತಳು. ಪ್ರದೀಪನ ಚೀಲವೊಂದನ್ನು ಒಳಮೈ ಹೊರಗೆ ಮಾಡಿದಾಗ ಹೊಲಿಗೆಯ ಮಡಿಕೆಯಲ್ಲಿ ತಿಳಿನೀಲಿ ಕಂಡಿತು. ಇನ್ನೊಂದನ್ನು ತಿರುಗಿಸಿದಳು. ಅದರಲ್ಲೂ ನೀಲಿ. ಆರರಲ್ಲೂ ನೀಲಿ. ಅವಳ ಚೀಲಗಳಲ್ಲಿ ಇರಲಿಲ್ಲ.

“ಅಮ್ಮಿ, ಇದೆಂತ ಬಣ್ಣ?”

ರಹೀಮುನ್ನೀಸಾ ಮೆಷಿನ್ ನಿಲ್ಲಿಸಲಿಲ್ಲ. “ಹೊಸ ಬಟ್ಟೆ ಆರು ಚೀಲಕ್ಕೇ ಮುಗೀತು. ಮಾರನೇ ದಿನ ಅಟ್ಟದಲ್ಲಿದ್ದ ಅಬ್ಬಾನ ಬಟ್ಟೆ ಹರಿದು ಉಳಿದದ್ದು ಹೊಲಿದೆ. ಎರಡು ಸಲ ಸೋಪು ಹಾಕಿ ಒಗ್ದಿದೀನಿ.”

ಮೊದಲು ಹೊಲಿದ ಆರು ಚೀಲ ನಸ್ರೀನ್ ಇಟ್ಟುಕೊಂಡಿದ್ದಳು. ಮಾರನೇ ದಿನದ್ದನ್ನು ಪ್ರದೀಪನಿಗೆ ಕೊಟ್ಟಿದ್ದಳು.

ಚಹಾ ಕುಡಿಯುತ್ತಿದ್ದ ಅಬ್ಬಾ ಅಹ್ಮದ್ ಒಂದು ಚೀಲ ಎತ್ತಿ ನೋಡಿದ. ಮಳೆಗಾಲದಲ್ಲಿ ಅಡಿಕೆ ತೋಟಗಳಿಗೆ ಔಷಧಿ ಹೊಡೆಸುವ ಕಂಟ್ರಾಕ್ಟು ಅವನದು. “ಇದು ನನ್ನ ಡ್ರಮ್ಮಿನ ಬಟ್ಟೆಯಲ್ವಾ? ನೀಲಿ ಮೈಲುತುತ್ತು, ಸುಣ್ಣ ಕಲಸಿ ಇದರಲ್ಲೇ ಸೋಸೋದು. ಸೋಸದಿದ್ರೆ ಪಂಪು ಕಟ್ಟಿಕೊಳ್ತದೆ.”

“ಒಗೆದ್ರೆ ಹೋಗಲ್ವಾ ಅಬ್ಬಾ?”

“ಹೋಗೋ ಹಾಗಿದ್ರೆ ಅದನ್ನ ಯಾಕೆ ಹೊಡೀಬೇಕು ಕೂಸೇ? ಅಷ್ಟು ಮಳೆ ಬಿದ್ರೂ ಅಡಿಕೆ ಗೊನೆಗೆ ಅಂಟಿಕೊಂಡೇ ಇರಬೇಕು. ಅಡಿಕೆಗೆ ಕೊಳೆರೋಗ ಬರೋದು ಬೂಷ್ಟಿಂದ. ಬೂಷ್ಟು ಹತ್ರ ಸುಳೀಬಾರದು.”

ನಸ್ರೀನ್ ಒದ್ದೆ ಚೀಲವನ್ನು ಬಕೆಟ್ಟಿಗೆ ಬಿಟ್ಟಳು.

ಚಾರ್ಟಿನ ಮೇಲೆ ಅವಳ ಹೆಸರಿತ್ತು. ಅದರ ಕೆಳಗೆ ಒಂದು ಗೆರೆ ಖಾಲಿ. ಅಲ್ಲಿ ತನ್ನ ಹೆಸರು ಬರೆಯಲು ರಾಜೇಶ ಆಗಲೇ ಕೇಳಿದ್ದ. ಬಟ್ಟೆಯ ವಿಷಯ ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವಳ ಆರು ಚೀಲಗಳ ಲೆಕ್ಕ ಸರಿಯಾಗಿಯೇ ಇದೆ. ಹೇಳಿದರೆ ಪ್ರಾಜೆಕ್ಟೇ ಹಾಳಾಯಿತು ಎಂದು ಸರ್ ಬೈಯಬಹುದು. ಅವಳು ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಶುಕ್ರವಾರ ಬೆಳಿಗ್ಗೆ ಅವಳು ಸಂಕದ ಬಳಿ ಹೋದಾಗ ಪ್ರದೀಪ ಆಚೆ ದಡದಲ್ಲಿ ಬ್ಯಾಗು ಹೆಗಲಿಗೇರಿಸುತ್ತಿದ್ದ. ಅವಳನ್ನು ನೋಡಿಯೂ ನೋಡದ ಹಾಗೆ ಸಂಕ ದಾಟಿದ.

“ಪ್ರದೀಪ, ನಿಲ್ಲು. ತಪ್ಪು ನಿಂದಲ್ಲ. ಚೀಲದ್ದು.”

ಅವಳು ಅವನ ಚೀಲಗಳಲ್ಲೊಂದನ್ನು ಕೈಗಿಟ್ಟು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವನು ಚೀಲದ ಮಡಿಕೆ ಬಿಡಿಸಿ ನೀಲಿ ಗೆರೆಯನ್ನು ಉಗುರಿನಿಂದ ಕೆರೆದ.

“ಸಾರಿ,” ಎಂದಳು ನಸ್ರೀನ್.

“ನನ್ನ ಹತ್ರ ಹೇಳಿದ್ರೆ ಎಂತ ಆಗ್ತದೆ?” ಅವನು ಚೀಲ ವಾಪಸು ಕೊಟ್ಟ. “ನಾನು ಮೋಸ ಮಾಡ್ಲಿಲ್ಲ ಅಂತ ನಂಗೆ ನಿನ್ನೆಯೇ ಗೊತ್ತಿತ್ತು. ನೀನು ಹೇಳಿದ್ದು ಕ್ಲಾಸಲ್ಲಿ.”

ಅವನು ಮುಂದೆ ಮುಂದೆ ನಡೆದುಬಿಟ್ಟ. ಶಾಲೆಯವರೆಗೂ ಅವಳು ಹತ್ತು ಹೆಜ್ಜೆ ಹಿಂದೆಯೇ ಇದ್ದಳು.

ಹಾಜರಿ ಮುಗಿಯುತ್ತಿದ್ದಂತೆ ನಸ್ರೀನ್ ಎದ್ದು ನಿಂತಳು. ನಿನ್ನೆ ಸರಾಗವಾಗಿ ಬಂದಿದ್ದ ಮಾತು ಇವತ್ತು ತುಂಡು ತುಂಡಾಗಿ ಬಂತು. ಚೀಲ ಎತ್ತಿ ತೋರಿಸಿದಳು. ಔಷಧಿ ಸೋಸುವ ಬಟ್ಟೆಯ ವಿಷಯ ಹೇಳಿದಳು. “ಇದನ್ನ ಕೊಟ್ಟಿದ್ದು ನಾನೇ,” ಎಂದಳು.

“ಹಾಗಾದ್ರೆ ಪ್ರದೀಪ ಹೊಸ ಎಲೆ ತುಂಬಿಲ್ವಾ?” ರಾಜೇಶ ಕೇಳಿದ.

“ಇಲ್ಲ. ತುಂಬಿಲ್ಲ. ನಾನು ನೋಡದೇ ಹೇಳಿದ್ದು.”

ಸೀತಾರಾಮ ಸರ್ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದರು. “ನಿನ್ನೆ ಹನ್ನೆರಡು ಸಲ ತೂಕ ನೋಡಿದೆ. ಬಟ್ಟೆಯನ್ನ ಒಂದು ಸಲವೂ ನೋಡಲಿಲ್ಲ,” ಎಂದು ಮೆಲ್ಲಗೆ ಹೇಳಿದರು. ಆಮೇಲೆ ಅವಳ ಕಡೆ ತಿರುಗಿದರು. “ಹನ್ನೆರಡೂ ಕೊಪ್ಪಕ್ಕೆ ಹೋಗಲಿ, ಇಬ್ಬರ ಹೆಸರಲ್ಲೂ. ಆದರೆ ಇದೇ ಕಾರಣ ಅಂತ ಬರೀಬೇಡ, ಇರಬಹುದು ಅಂತ ಬರಿ. ಒಳ್ಳೇ ಬಟ್ಟೆಯಲ್ಲಿ ಸಂಕದ ಹತ್ರ ಇನ್ನೊಮ್ಮೆ ಕಟ್ಟಿ ನೋಡಬೇಕು.”

ಪ್ರದೀಪ ತಲೆ ಎತ್ತಲಿಲ್ಲ. ನೋಟ್‌ಬುಕ್ಕಿನ ಅಂಚಿಗೆ ಸಮವಾಗಿ ಗೆರೆ ಎಳೆಯುತ್ತಲೇ ಇದ್ದ.

ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಅವನು ನಸ್ರೀನಳಿಗಿಂತ ನಾಲ್ಕು ಜನ ಮುಂದಿದ್ದ. ಅವಳ ಹಿಂದೆ ಐದನೇ ಕ್ಲಾಸಿನ ಇಬ್ಬರು ಹುಡುಗಿಯರು ಪಿಸುಗುಟ್ಟಿದರು.

“ಎಲೆ ಬದಲಾಯಿಸಿ ಸಿಕ್ಕಿಬಿದ್ದ ಅಣ್ಣ ಇವನೇ ಅಲ್ವೇನೇ?”

“ಹೌದಂತೆ. ನಮ್ಮ ಮನೆ ಹತ್ರ ಎಲ್ಲ ಹೇಳ್ತಿದ್ರು.”

ನಸ್ರೀನ್ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಐದನೇ ಕ್ಲಾಸಿಗೆ ಅವಳು ಹೇಳಿರಲಿಲ್ಲ. ಅವರ ಮನೆಯ ಹತ್ತಿರ ಅವಳು ಹೋದದ್ದೇ ಇಲ್ಲ.

ಅವಳು ಸಾಲು ಬಿಟ್ಟು ತಿರುಗಿದಳು. “ಅವನು ಬದಲಾಯಿಸ್ಲಿಲ್ಲ. ಹಾಗೆ ಹೇಳಿದ್ದು ನಾನು. ನಾನು ಹೇಳಿದ್ದು ಸುಳ್ಳು.”

ಹುಡುಗಿಯರು ಮುಖ ಮುಖ ನೋಡಿಕೊಂಡರು. “ನಿಮ್ಮ ಮನೆ ಹತ್ರ ಯಾರು ಯಾರು ಹೇಳ್ತಿದ್ರು?” ನಸ್ರೀನ್ ಕೇಳಿದಳು.

ಒಬ್ಬಳು ಬೆರಳು ಮಡಿಸಿ ಹೆಸರು ಹೇಳತೊಡಗಿದಳು. ಒಂದು ಕೈಯ ಬೆರಳು ಮುಗಿದವು. ಅವಳು ಇನ್ನೊಂದು ಕೈ ಎತ್ತಿದಳು. ನಸ್ರೀನ್ ಒಂದೊಂದೇ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾ ಹೋದಳು.