ಮೂಗಿಲ್ಲದ ರಾಣಿ

"ಎಲ್ಲರೂ ಫೋನ್ ಹೊರಗೆ ತೆಗೀರಿ! ಇಂಥ ತಮಾಷೆ ದಿನಾ ಸಿಗಲ್ಲ!"

ಅವನ ದನಿಗೆ ಬಿಯರ್ ತಯಾರಿಸುವ ಬ್ರೂವರಿಯಲ್ಲಿದ್ದ ಪ್ರವಾಸಿಗರೆಲ್ಲ ತಿರುಗಿದರು. ಉದ್ದನೆಯ ಮರದ ಮೇಜಿನ ಮೇಲೆ ಮೂರು ಗ್ಲಾಸು ಬಿಯರ್. ಈಚೆ ಬದಿ ಅವಳು, ಆಚೆ ಬದಿ ಅವನು.

ಅವಳು ಐದು ವರ್ಷಗಳಿಂದ ದೇಶ ದೇಶ ಸುತ್ತಿ, ಸಣ್ಣ ಬ್ರೂವರಿಗಳ ಕ್ರಾಫ್ಟ್ ಬಿಯರ್ ರುಚಿ ನೋಡಿ ಪ್ರವಾಸ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದವಳು. ಓದುಗರು ಅವಳನ್ನು 'ಬಿಯರ್ ರಾಣಿ' ಎನ್ನುತ್ತಿದ್ದರು. ಅವನು ಈ ಬ್ರೂವರಿಯ ಒಡೆಯ. ಹೋದ ವರ್ಷ ಅವನ ಬಿಯರಿಗೆ ಒದ್ದೆ ನಾಯಿಯ ವಾಸನೆ ಇದೆ ಎಂದು ಅವಳು ಬರೆದ ಒಂದೇ ಸಾಲಿಗೆ ಅರ್ಧಕ್ಕರ್ಧ ಗಿರಾಕಿಗಳು ಬರುವುದನ್ನೇ ಬಿಟ್ಟಿದ್ದರು.

"ಹೇಳಿ ಮೇಡಂ... ಯಾವುದರಲ್ಲಿ ಏನಿದೆ?"

ಅವಳು ಗ್ಲಾಸು ಮುಟ್ಟಲಿಲ್ಲ. 'ಅಕ್ಕ ಎಲ್ಲಿ ಹೋದಳು?' ಬಾಗಿಲ ಕಡೆ ನೋಡಿದಳು. ಜೊತೆಗೆ ಬಂದಿದ್ದ ಅಕ್ಕ ಹೊರಗೆ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದಳು.

ಒಂದೊಂದೇ ಗುಟುಕು ಕುಡಿದಳು. ನಾಲಿಗೆಗೆ ಸಿಕ್ಕಿದ್ದು ತಂಪು, ಒಂದಿಷ್ಟು ಕಹಿ, ಅಷ್ಟೇ.

"ಮೊದಲನೆಯದರಲ್ಲಿ ಕಿತ್ತಳೆ ಸಿಪ್ಪೆ... ಎರಡನೆಯದು ಸುಟ್ಟ ಸಕ್ಕರೆ... ಮೂರನೆಯದಕ್ಕೆ ಆ ಕಹಿ ಹಾಪ್ಸ್ ಹೂವು ಜಾಸ್ತಿಯಾಗಿದೆ."

ಅವನು ಚಪ್ಪಾಳೆ ತಟ್ಟಿದ.

"ಮೂರೂ ಒಂದೇ ಪೀಪಾಯಿಯದು ಕಣ್ರೀ!"

ಕೋಣೆಗೆ ಕೋಣೆಯೇ ನಕ್ಕಿತು. ಯಾರೋ ಹಿಂದಿನಿಂದ "ಮೂಗಿಲ್ಲದ ರಾಣಿ!" ಎಂದು ಕೂಗಿದರು. ಅವಳು ತುಟಿ ಕಚ್ಚಿಕೊಂಡು ಹೊರಗೆ ನಡೆದಳು. ಅಳಲಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಒಮ್ಮೆ ಎಡವಿದಳು... ಅದನ್ನೂ ಯಾರೋ ವಿಡಿಯೊ ಮಾಡಿಕೊಂಡರು.

ಒಳಗೆ ಬಂದ ಅಕ್ಕನಿಗೆ ಏನಾಯಿತೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬ್ಯಾಗಿನಿಂದ ತಂಗಿಯ ನೋಟ್‌ಬುಕ್ ತೆಗೆದು ಅವನ ಎದೆಗೆ ಎಸೆದಳು.

"ಆರು ತಿಂಗಳ ಹಿಂದೆ ಜ್ವರ ಬಂದು ಅವಳಿಗೆ ವಾಸನೇನೇ ಹೋಯ್ತು. ಸುಟ್ಟ ಅನ್ನದ ವಾಸನೆಯೂ ಗೊತ್ತಾಗಲ್ಲ. ಕೆಲಸ ಹೋಗುತ್ತೆ ಅಂತ ಹೆದರಿ ಮುಚ್ಚಿಟ್ಟಳು. ನಾನು ರುಚಿ ನೋಡಿ ಹೇಳ್ತೀನಿ, ಅವಳು ಬರೀತಾಳೆ. ಅದು ತಪ್ಪೇ, ಒಪ್ತೀನಿ! ಆದ್ರೆ ನಿಮ್ಮ ಹೊಸ ಬಿಯರ್ ಬಗ್ಗೆ ನಿನ್ನೇನೇ ಏನು ಬರೆದಿಟ್ಟಿದ್ದಾಳೆ ಓದಿ!"

ಅವನು ಓದಿದ. 'ಹಳೆಯ ತಪ್ಪನ್ನು ಚರಂಡಿಗೆ ಸುರಿದು, ಮೊದಲಿನಿಂದ ಶುರು ಮಾಡಿದವನ ಬಿಯರ್ ಇದು. ಹೋದ ವರ್ಷ ದೂರ ಹೋದವರೆಲ್ಲ ಮತ್ತೆ ಬನ್ನಿ.'

ಅವನ ಮುಖದ ಬಣ್ಣವೇ ಇಳಿಯಿತು.

ಸಂಜೆಯ ಹೊತ್ತಿಗೆ ವಿಡಿಯೊ ಲಕ್ಷ ಜನರನ್ನು ಮುಟ್ಟಿತ್ತು. ಮರುದಿನ ಸಂಪಾದಕರ ಸಂದೇಶ ಬಂತು. 'ಇನ್ನು ಮುಂದೆ ಬರೆಯುವುದು ಬೇಡ.' ಐದು ವರ್ಷಕ್ಕೆ ಒಂದು ಸಾಲು! ಅವಳು ಎಲ್ಲವನ್ನೂ ಒಪ್ಪಿಕೊಂಡು ಓದುಗರಿಗೆ ಪತ್ರ ಬರೆದಳು. ಅದಕ್ಕೆ ಬಂದ ಉತ್ತರಗಳನ್ನು ಓದದಂತೆ ಅಕ್ಕ ಫೋನನ್ನೇ ಕಿತ್ತಿಟ್ಟುಕೊಂಡಳು.

ಅವನೂ ಅದೇ ಮೇಜಿನ ಮುಂದೆ ನಿಂತು ಕ್ಷಮೆ ಕೇಳಿದ ವಿಡಿಯೊ ಹಾಕಿದ. ಅದನ್ನು ನೋಡಿದವರು ನೂರು ಜನವೂ ಇರಲಿಲ್ಲ.

ಮೂರನೆಯ ದಿನ ಅಕ್ಕ ತಂಗಿಯರಿದ್ದ ವಸತಿಗೃಹಕ್ಕೆ ಬಂದ.

"ಕ್ಷಮಿಸಿ..."

"ಯಾಕೆ? ಬೇಕಾದ್ದು ಸಿಕ್ತಲ್ಲ?" ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ಹೋದ ವರ್ಷ ನಿಮ್ಮ ಬಿಯರ್ ನಿಜವಾಗ್ಲೂ ಕೆಟ್ಟಿತ್ತು. ಅದನ್ನಾದ್ರೂ ಒಪ್ಕೊಳ್ಳಿ."

"ಕೆಟ್ಟಿತ್ತು. ನನಗೂ ಗೊತ್ತಿತ್ತು. ಅದಕ್ಕೇ ನಿಮ್ಮ ಮೇಲೆ ಅಷ್ಟು ಸಿಟ್ಟು ಬಂದಿದ್ದು."

ಆಗ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು.

"ದಿನಾ ನಾಲ್ಕೈದು ವಾಸನೆ ಗಮನ ಇಟ್ಟು ಮೂಸಿದ್ರೆ ಕೆಲವರಿಗೆ ವಾಪಸ್ ಬರುತ್ತಂತೆ. ನನ್ನ ಹತ್ರ ಬಾರ್ಲಿ ಮಾಲ್ಟ್ ಇದೆ, ಹಾಪ್ಸ್ ಇದೆ... ಇಲ್ಲೇ ಇರಿ."

"ಕನಿಕರ ಬೇಡ. ಕೆಲಸ ಕೊಡ್ತೀರಾ?"

"ಬಾಟಲಿ ತೊಳೆಯೋದು ಬಿಟ್ರೆ ಬೇರೆ ಕೆಲಸ ಇಲ್ಲ."

"ತೊಳೀತೀನಿ!"

ಅಕ್ಕ ಇನ್ನೂ ಹತ್ತು ದಿನ ಉಳಿದು, ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿ, ಮನೆಗೆ ಮರಳಿದಳು.

ಬಿಸಿನೀರಿಗೆ ಅವಳ ಬೆರಳ ಚರ್ಮ ಸುಲಿಯಿತು. ಬಂದ ಗಿರಾಕಿಗಳು ಗುರುತು ಹಿಡಿದು ಕಿಸಕ್ಕನೆ ನಗುತ್ತಿದ್ದರು. ಹಾಗೆ ನಕ್ಕವನೊಬ್ಬನ ಕೈಯಿಂದ ಅವನು ಗ್ಲಾಸು ಕಿತ್ತುಕೊಂಡು ಹೊರಗೆ ಕಳಿಸಿದ. ಅಂದು ಅವಳು ಅವನ ಮೇಲೆಯೇ ರೇಗಿದಳು. "ಅವರಿಗೆ ನಗೋದು ಕಲಿಸಿದ್ದು ಯಾರು?" ಅವನು ಅವಳ ಪಕ್ಕ ಕೂತು ಬಾಟಲಿ ತೊಳೆಯತೊಡಗಿದ. ಮರುದಿನವೂ ಬಂದು ಕೂತ. ಅದರ ಮರುದಿನವೂ...

ಪ್ರತಿ ಬೆಳಿಗ್ಗೆ ಅವಳ ಮುಂದೆ ನಾಲ್ಕು ಬಟ್ಟಲು ಇಡುತ್ತಿದ್ದ. ಕಣ್ಣು ಮುಚ್ಚಿ ಮೂಸುತ್ತಿದ್ದಳು. ನಾಲ್ಕು ತಿಂಗಳು ಕಳೆದರೂ ಏನೂ ಬರಲಿಲ್ಲ.

ಒಂದು ಬೆಳಿಗ್ಗೆ ಬಟ್ಟಲುಗಳನ್ನು ದೂರ ಸರಿಸಿಬಿಟ್ಟಳು.

"ಸಾಕು. ಡಾಕ್ಟರ್ ಕೂಡ ಆಸೆ ಇಟ್ಕೋಬೇಡಿ ಅಂದ್ರು. ಇನ್ನು ನಾನು ಇಲ್ಲಿ ಯಾಕೆ ಇರ್ಬೇಕು ಹೇಳಿ!"

ಅವನು ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ.

"ವಾಸನೆ ಬಂದುಬಿಟ್ರೆ ನೀವು ಹೊರಟುಬಿಡ್ತೀರಿ ಅಂತ ದಿನಾ ಹೆದರ್ತಿದ್ದೆ... ಅದೂ ಒಂದು ಪಾಪ. ಹೇಳ್ಬಿಟ್ಟೆ. ಈಗ ಬೈಯಿರಿ."

ಅವಳು ಒಂದು ಬಟ್ಟಲನ್ನು ಮತ್ತೆ ಹತ್ತಿರಕ್ಕೆಳೆದುಕೊಂಡಳು.

"ನಿಮ್ಮನ್ನ ಪೂರ್ತಿ ಕ್ಷಮಿಸಿಲ್ಲ ನಾನು."

"ಗೊತ್ತು."

"ಈಗ್ಲೂ ಕೆಲವೊಂದು ದಿನ ನಿಮ್ಮ ಮುಖ ನೋಡಿದ್ರೆ ಆ ಚಪ್ಪಾಳೆ ಕೇಳ್ಸುತ್ತೆ."

"ಅಂಥ ದಿನ ದೂರದಲ್ಲೇ ಇರ್ತೀನಿ. ಹೋಗ್ತೀನಿ ಅಂತ ಮಾತ್ರ ಅನ್ಬೇಡಿ."

ಅವಳ ಕಣ್ಣು ತುಂಬಿ ಬಂತು. ಎದ್ದು ಹತ್ತಿರ ಬಂದು ಅವನ ಭುಜಕ್ಕೆ ಹಣೆ ಒರಗಿಸಿದಳು.

"ಮೈಯೆಲ್ಲ ಹುಳಿಹಿಟ್ಟಿನ ವಾಸನೆ ಹೊಡೆಯುತ್ತೆ ಈ ಮನುಷ್ಯನದು, ಹೇಗಿರ್ತೀಯೇ ಅವನ ಜೊತೆ... ಅಂತ ಅಕ್ಕ ಹೊರಡುವಾಗ ಕೇಳಿದ್ಲು."

"ನೀವೇನಂದ್ರಿ?"

"ಯಾರದೋ ಪುಣ್ಯ, ನನಗೆ ಗೊತ್ತಾಗಲ್ಲ ಅಂದೆ."