ತೂತು ಉಳಿದ ಕೌದಿ

ಬಹಳ ಹಿಂದೆ ಧೂಮಕೇತನೆಂಬ ಮಾಂತ್ರಿಕನ ರಾಜ್ಯವೊಂದಿತ್ತು. ಅಲ್ಲಿ ದುಡಿಯುವವರೆಲ್ಲ ಕಡಲಾಚೆಯಿಂದ ಹಡಗಿನಲ್ಲಿ ಕಟ್ಟಿ ತಂದ ಗುಲಾಮರ ಮಕ್ಕಳು, ಮೊಮ್ಮಕ್ಕಳು. ರಾಜ್ಯದ ಹೆಬ್ಬಾಗಿಲಿಗೆ ಬೀಗವಿರಲಿಲ್ಲ. ಯಾರಾದರೂ ತಮ್ಮ ಮುತ್ತಜ್ಜ, ಅಜ್ಜಿ, ತಾಯಿಯ ಹೆಸರನ್ನು ಅದರೆದುರು ಹೇಳಿದರೆ ಎಲ್ಲರಿಗೂ ಬಿಡುಗಡೆ. ಆದರೆ ದಾರಿಯಲ್ಲಿ ಮೂರು ಮಾಯಾಮೃಗಗಳಿದ್ದವು.

ಆ ಜನರಲ್ಲೊಂದು ಪದ್ಧತಿಯಿತ್ತು. ಪ್ರತಿಯೊಬ್ಬರೂ ತಮ್ಮ ಬಟ್ಟೆಯ ತುಂಡೊಂದನ್ನು ಮನೆಯ ಕೌದಿಗೆ ತಮ್ಮದೇ ಹೊಲಿಗೆಯಲ್ಲಿ ಹೊಲಿಯಬೇಕು. ಅವರು ಸತ್ತ ಮೇಲೆ ಮನೆಯವರು ಆ ಹೊಲಿಗೆಯ ಮೇಲೆ ಬೆರಳಾಡಿಸಿ, ಹೆಸರು ಹೇಳಿ ಮಲಗುತ್ತಿದ್ದರು.

ತಾಯಿ ಸತ್ತ ವರ್ಷ ಮಂಗೇಲಿ ಎಂಬ ಹುಡುಗಿ ಕೌದಿ ಹೊದ್ದು ಹೆಬ್ಬಾಗಿಲ ಕಡೆ ಹೊರಟಳು.

"ಬ್ಯಾಡ ಮಗಾ, ಹೋದೋರು ಬರಿಗೈಲಿ ಬಂದಾರೆ," ಎಂದಳು ಚಿಕ್ಕಮ್ಮ.

"ಅವ್ವ ಆ ಬಾಗ್ಲು ನೋಡ್ತಾ ನೋಡ್ತಾನೇ ಸತ್ಲು, ಚಿಕ್ಕಿ."

ಮೊದಲು ಕಬ್ಬಿಣದ ಹುಲಿ ಅಡ್ಡ ಬಂತು. "ನಿನ್ನವರಲ್ಲಿ ಒಬ್ಬರನ್ನು ಕೊಡು," ಎಂದಿತು. ಮಂಗೇಲಿ ಮುತ್ತಜ್ಜನ ರುಮಾಲಿನ ತುಂಡನ್ನು ಬಿಚ್ಚಿ ಕೊಟ್ಟಳು. ಹುಲಿ ಅದನ್ನು ನುಂಗಿ ದಾರಿ ಬಿಟ್ಟಿತು. ಅವಳಿಗೆ ಮುತ್ತಜ್ಜನ ಹೆಸರು ಮರೆತುಹೋಯಿತು.

ಆಮೇಲೆ ಬೆಂಕಿಯ ಹದ್ದು ಇಳಿಯಿತು. "ನಿನ್ನವರಲ್ಲಿ ಒಬ್ಬರನ್ನು ಕೊಡು." ಅಜ್ಜಿಯ ಕುಪ್ಪಸದ ತುಂಡು ಹೋಯಿತು. ಅಜ್ಜಿಯ ಹೆಸರೂ ಹೋಯಿತು.

ಕೊನೆಗೆ ಕಲ್ಲಿನ ಹಾವು ಹೆಡೆಯೆತ್ತಿತು. "ನಿನ್ನವರಲ್ಲಿ ಒಬ್ಬರನ್ನು ಕೊಡು."

ಉಳಿದದ್ದು ತಾಯಿಯ ಸೆರಗಿನ ತುಂಡು. ಮಂಗೇಲಿ ಅದನ್ನು ಮುಖಕ್ಕೊತ್ತಿಕೊಂಡು ಅತ್ತಳು. ಕೇರಿಯ ತೊಟ್ಟಿಲಲ್ಲಿದ್ದ ಕೂಸುಗಳು ನೆನಪಾದವು. ಒಂದೊಂದೇ ಹೊಲಿಗೆ ಬಿಚ್ಚಿ ಕೊಟ್ಟಳು. ತಾಯಿಯ ಹೆಸರಿನ ಜೊತೆ ಮುಖವೂ ಅಳಿಸಿಹೋಯಿತು.

ಹೆಬ್ಬಾಗಿಲ ಮೇಲೆ ಕೂತಿದ್ದ ಧೂಮಕೇತ ನಕ್ಕ. "ಕೌದಿಯೇ ಹೋಯಿತು. ಈಗ ಹೇಳು ನೋಡೋಣ, ಯಾರ ಮಗಳು ನೀನು?"

ಪಾಪ, ಅವನು ಜನ್ಮದಲ್ಲಿ ಸೂಜಿ ಹಿಡಿದವನಲ್ಲ. ತುಂಡುಗಳು ಹೋದರೂ ಅಡಿಯ ಹಳೇ ಬಟ್ಟೆ ಅವಳ ಹೆಗಲ ಮೇಲೇ ಇತ್ತು, ಅದರಲ್ಲಿ ಸೂಜಿಯ ತೂತುಗಳಿದ್ದವು. ಮಂಗೇಲಿ ಕಣ್ಣು ಮುಚ್ಚಿ ಬೆರಳಾಡಿಸಿದಳು. ದೂರ ದೂರದ ತೂತುಗಳು ಅವಸರದ ಮುತ್ತಜ್ಜನವು.

"ಬಾಸ್ತ್ಯಾ," ಎಂದಳು. ಬಾಗಿಲು ನಡುಗಿತು.

ಸೊಟ್ಟ ಸಾಲು ಕಣ್ಣು ಮಂಜಾದ ಅಜ್ಜಿಯದು. "ಜುಲೇಲಿ." ಬಾಗಿಲು ಬಿರಿಯಿತು.

ಒತ್ತೊತ್ತಾದ ಸಾಲಿನ ಮೇಲೆ ಬೆರಳು ಬಹಳ ಹೊತ್ತು ನಿಂತಿತು. "ರೊಸಾಲಿ. ನಾನು ರೊಸಾಲಿಯ ಮಗಳು."

ಬಾಗಿಲು ಉರುಳಿತು. ಧೂಮಕೇತ ಹೊಗೆಯಾಗಿ ಹೋದ. ಜನ ಕೂಸುಗಳನ್ನು ಎತ್ತಿಕೊಂಡು ಆಚೆ ನಡೆದರು. ಅಲ್ಲಿ ಊರು ಕಟ್ಟಿ ಸುಖವಾಗಿ ಬಾಳಿದರು.

ಆದರೆ ಹಾವು ನುಂಗಿದ ತಾಯಿಯ ಮುಖ ಮರಳಲಿಲ್ಲ. ವರ್ಷಗಳು ಕಳೆದು ಮಂಗೇಲಿಯ ಮಗಳು ಕೇಳಿದಳು: "ಅವ್ವಾ, ನಮ್ಮಜ್ಜಿ ನೋಡೋಕೆ ಹೆಂಗಿದ್ಲು?"

ಮಂಗೇಲಿ ಮಗಳ ಬೆರಳು ಹಿಡಿದು ಆ ತೂತುಗಳ ಮೇಲೆ ಮೆಲ್ಲಗೆ ಎಳೆದಳು.

"ಗೊತ್ತಿಲ್ಲ ಮಗಾ. ಹೊಲಿಗೆ ಮಾತ್ರ ಬಿಗಿಯಾಗಿ ಹಾಕ್ತಿದ್ಲು."