ಉಷೈಗರ್‌ನ ಮಣ್ಣಿನ ಓಣಿಗಳಲ್ಲಿ

ಮಸ್ಮಕ್ ಕೋಟೆಯ ಮುಂದಿನ ಅಂಗಳದಲ್ಲಿ ಅನ್ಸಾರ್ ಅವಳ ಪಕ್ಕದಿಂದಲೇ ಹಾದುಹೋದ.

ನುಸೈಬಾ ಮೆಲ್ಲಗೆ ಸಲಾಂ ಹೇಳಿದ್ದಳು. ನಿಕಾಹ್ ಆದ ಮೇಲೆ ಅವರಿಬ್ಬರೇ ಭೇಟಿಯಾಗುತ್ತಿದ್ದುದು ಅದೇ ಮೊದಲು. ಆ ಒಂದು ಸಲಾಮನ್ನು ಕನ್ನಡಿಯ ಮುಂದೆ ನಿಂತು ಎಷ್ಟು ಸಲ ಹೇಳಿ ನೋಡಿದ್ದಳೋ! ಅವನು ಮಾತ್ರ ತಿರುಗಿಯೂ ನೋಡಲಿಲ್ಲ. ಕೋಟೆಯ ಗೋಡೆಯವರೆಗೆ ನಡೆದು, ಅತ್ತಿತ್ತ ಹುಡುಕಿ, ಕೊನೆಗೆ ಅವಳನ್ನು ಕಂಡು ಬೆಚ್ಚಿದ.

"ಬಂದು ತುಂಬ ಹೊತ್ತಾಯ್ತಾ?" ಎಂದು ಕೇಳಿದ.

ನುಸೈಬಾ ಅವನ ಮುಖವನ್ನೇ ನೋಡಿದಳು. ಎಲ್ಲ ಹೆಂಗಸರಂತೆ ಕಪ್ಪು ಅಬಾಯಾ ಹಾಕಿದ್ದರಿಂದ ಗುರುತು ಸಿಗಲಿಲ್ಲವೇ? ಅಥವಾ... ಬೇಕೆಂದೇ ಹಾಗೆ ಮಾಡಿದನೇ?

ಅವಳು ಹುಟ್ಟಿ ಬೆಳೆದದ್ದೆಲ್ಲ ರಿಯಾದಿನ ಮಲಾಜ್ ಬಡಾವಣೆಯಲ್ಲಿ. ಅವಳು ಉಪ್ಪಾ ಎಂದು ಕರೆಯುವ ತಂದೆ ಅಬ್ದುಲ್ ಹಕೀಂ ಉಳ್ಳಾಲದಿಂದ ಬಂದು ಅಲ್ಲಿ ಬಟ್ಟೆಯಂಗಡಿ ಇಟ್ಟಿದ್ದವರು. ಅನ್ಸಾರ್‌ನದು ದೇರಳಕಟ್ಟೆ. ರಾಸ್ ಅಲ್ ಖೈರ್‌ನಲ್ಲಿ ಸಮುದ್ರದ ನೀರನ್ನು ಸಿಹಿನೀರಾಗಿಸುವ ಸ್ಥಾವರದಲ್ಲಿ ಇಂಜಿನಿಯರ್. ನಿಕಾಹ್ ಮಲಾಜ್‌ನ ಮನೆಯಲ್ಲೇ ನಡೆದಿತ್ತು. ಊರಿನಲ್ಲಿ ಮದುವೆಯ ಊಟ ಮುಗಿದ ಮೇಲೆ ಅವಳು ಅವನ ಮನೆ ಸೇರುವುದೆಂದು ಹಿರಿಯರು ತೀರ್ಮಾನಿಸಿದ್ದರು.

ಅಲ್ಲಿಯವರೆಗೆ ರಜೆ ಸಿಕ್ಕಾಗಲೆಲ್ಲ ಅನ್ಸಾರ್ ಕಾರು ಓಡಿಸಿಕೊಂಡು ರಿಯಾದಿಗೆ ಬರುತ್ತಿದ್ದ. ಅವಳನ್ನು ಹೋಟೆಲಿಗಾಗಲಿ ಮಾಲ್‌ಗಾಗಲಿ ಕರೆದೊಯ್ದವನಲ್ಲ. ಒಂದು ಸಲ ದಿರಿಯಾದ ಹಳೆಯ ಅರಮನೆಗಳು, ಇನ್ನೊಂದು ಸಲ ವಾದಿ ಹನೀಫಾ ಕಣಿವೆಯ ಖರ್ಜೂರದ ಮರಗಳ ನೆರಳು. ಜನ ಕಡಿಮೆ ಇರುವ ಜಾಗವೇ ಆಗಬೇಕು ಅವನಿಗೆ.

ಫೋನಿನಲ್ಲಿ ಅವನು ಬೇರೆಯೇ ಮನುಷ್ಯ. ಅವಳು ಪಿಸುಗುಟ್ಟಿದರೂ ನಗುತ್ತಿದ್ದ, ಮಾತಿಗೆ ಮಾತು ಸೇರಿಸುತ್ತಿದ್ದ. ಎದುರಿಗೆ ಸಿಕ್ಕಾಗ ಮಾತ್ರ ಅರ್ಧ ಮಾತಿಗೆ ಉತ್ತರ, ಅರ್ಧ ಮಾತಿಗೆ ಮೌನ. ನಡೆಯುವಾಗ ಅವಳು ಒಂದು ಪಕ್ಕಕ್ಕೆ ಬಂದರೆ ಅವನು ಸುತ್ತಿ ಇನ್ನೊಂದು ಪಕ್ಕಕ್ಕೆ ಹೋಗುತ್ತಿದ್ದ.

'ನನ್ನ ಹತ್ತಿರ ಇರುವುದೇ ಇವರಿಗೆ ಇಷ್ಟವಿಲ್ಲವೇ? ಹಾಗಾದರೆ ಅಷ್ಟು ದೂರದಿಂದ ಬರುವುದು ಯಾಕೆ?'

ತಾಯಿ ಮೈಮೂನಮ್ಮನನ್ನು ಕೇಳಿದರೆ, ಗಂಡಸರಿಗೆ ಮೊದಮೊದಲು ನಾಚಿಕೆ ಹೆಚ್ಚು ಎಂದು ನಕ್ಕುಬಿಟ್ಟರು.

ಆಮೇಲೊಂದು ಶುಕ್ರವಾರ ಅವರು ಜಗತ್ತಿನ ಅಂಚು ಎಂದು ಜನ ಕರೆಯುವ ಬಂಡೆಗಳಿಗೆ ಹೋದರು. ಕೆಳಗೆ ಕಣ್ಣು ಹಾಯುವಷ್ಟು ದೂರ ಬಯಲು. ಗಾಳಿಗೆ ಅವಳ ಶಾಲು ಹಾರಾಡುತ್ತಿತ್ತು. ಅವನ ಎಡಕ್ಕೆ ನಿಂತಿದ್ದ ನುಸೈಬಾ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡಳು.

"ನನಗೆ ನೀವಂದ್ರೆ ತುಂಬ ಇಷ್ಟ," ಎಂದಳು.

ಅನ್ಸಾರ್ ಬಯಲನ್ನೇ ನೋಡುತ್ತಿದ್ದ.

"ಹೋಗುವಾ? ಬಿಸಿಲು ಏರ್ತಾ ಉಂಟು," ಎಂದ.

ದಾರಿಯುದ್ದಕ್ಕೂ ನುಸೈಬಾ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಅವನು ಏನಾಯಿತೆಂದು ಕೇಳಿದ. ತಲೆನೋವು ಎಂದಳು. ಅವನು ಕಾರು ನಿಲ್ಲಿಸಿ ಮಾತ್ರೆ ತಂದುಕೊಟ್ಟ. ಅದು ಅವಳನ್ನು ಇನ್ನಷ್ಟು ಗೊಂದಲಕ್ಕೆ ನೂಕಿತು. ಪ್ರೀತಿಯಿಲ್ಲದವನ ಕಣ್ಣಲ್ಲಿ ಇಷ್ಟು ಆತಂಕ ಯಾಕೆ?

ಊರಿನಲ್ಲಿ ಮದುವೆ ಹಾಲ್ ಗೊತ್ತುಮಾಡುವ ಮಾತು ಶುರುವಾಗಿತ್ತು. ಅದಕ್ಕೆ ಮೊದಲು ನೇರವಾಗಿ ಕೇಳಿಬಿಡಬೇಕು, ಅವನಿಗೆ ಮನಸ್ಸಿಲ್ಲದಿದ್ದರೆ ಉಪ್ಪನಿಗೆ ಹೇಳಿ ಇದನ್ನು ಇಲ್ಲಿಗೇ ನಿಲ್ಲಿಸಬೇಕು ಎಂದು ನಿರ್ಧರಿಸಿದಳು.

ಮುಂದಿನ ಸಲ ಅವನು ಕರೆದೊಯ್ದದ್ದು ಉಷೈಗರ್‌ಗೆ. ಮಣ್ಣಿನ ಮನೆಗಳ ಹಳೆಯ ಹಳ್ಳಿ ಅದು. ಮೇಲೆ ಖರ್ಜೂರದ ಮರದ ದಿಂಡುಗಳ ಮಾಡು ಹೊದ್ದ ಓಣಿಗಳು ಒಂದರೊಳಗೊಂದು ಸೇರಿಕೊಂಡಿದ್ದವು. ಅವಳು ಎರಡು ಸಲ ಮಾತು ತೆಗೆದಳು. ಎರಡು ಸಲವೂ ಅವನು ಕೇಳಿಸದವನಂತೆ ಮುಂದೆ ನಡೆದ.

ಸಾಕಾಯಿತು ಅವಳಿಗೆ. ಸಿಟ್ಟಿನಿಂದ ಪಕ್ಕದ ಓಣಿಗೆ ಹೊರಳಿ ಬಿರಬಿರನೆ ನಡೆದಳು. ಸ್ವಲ್ಪ ಹೊತ್ತಿಗೆ ದಾರಿಯೇ ತಪ್ಪಿತು. ನೋಡುಗರಿಗೆಂದು ತೆರೆದಿಟ್ಟ ಒಂದು ಮನೆಯ ಮೆಟ್ಟಿಲು ಹತ್ತಿ ತಾರಸಿಗೆ ಬಂದಾಗ, ಕೆಳಗೆ ಓಣಿಗಳು ಕೂಡುವ ತೆರೆದ ಜಾಗದಲ್ಲಿ ಅನ್ಸಾರ್ ನಿಂತಿದ್ದ.

"ನಾನಿಲ್ಲಿದ್ದೇನೆ," ಎಂದು ಕೂಗಿದಳು.

ಅವನು ಕೇಳಿಸಿಕೊಂಡ. ತಟ್ಟನೆ ತಿರುಗಿ, ಅವಳಿಗೆ ಬೆನ್ನುಹಾಕಿ ಎದುರಿನ ಓಣಿಗೆ ಓಡಿದ!

ನುಸೈಬಾಳ ಎದೆ ಒಡೆದಂತಾಯಿತು. ಕೂಗಿ ಕರೆದರೂ ದೂರ ಓಡುತ್ತಾನಲ್ಲ...

ಅವನು ಮತ್ತೆ ಬಂದ. ಅವಳು ಮತ್ತೆ ಕೂಗಿದಳು. ಈ ಸಲ ಇನ್ನೊಂದು ತಪ್ಪು ಓಣಿಗೆ ನುಗ್ಗಿ, ಖಾಲಿ ಗೋಡೆಗಳಿಗೆ "ನುಸೈಬಾ, ನುಸೈಬಾ" ಎಂದು ಕರೆಯುತ್ತ ಹೊರಬಂದ. ಮುಖ ಬೆವರಿತ್ತು. ಎಡಗಿವಿಯನ್ನು ಅಂಗೈಯಿಂದ ಒತ್ತಿ ಹಿಡಿದು, ದಾರಿ ತಪ್ಪಿದ ಮಗುವಿನಂತೆ ಸುತ್ತಲೂ ನೋಡುತ್ತಿದ್ದ.

ಅವನು ಓಡಿಹೋಗುತ್ತಿರಲಿಲ್ಲ. ಅವಳ ದನಿ ಯಾವ ಕಡೆಯಿಂದ ಬರುತ್ತಿದೆಯೆಂದೇ ಅವನಿಗೆ ತಿಳಿಯುತ್ತಿರಲಿಲ್ಲ.

ಅವಳು ಮೆಟ್ಟಿಲಿಳಿದು ಓಡಿ ಬಂದು ಅವನ ತೋಳು ಹಿಡಿದಳು. ಅವನು ಅಲ್ಲೇ ಗೋಡೆಗೊರಗಿ ಕುಸಿದು ಕೂತ.

ನಿಕಾಹ್‌ಗೆ ಕೆಲವೇ ದಿನ ಇದ್ದಾಗ ಒಂದು ಬೆಳಿಗ್ಗೆ ಎದ್ದವನಿಗೆ ಎಡಗಿವಿ ಕೇಳಿಸಲಿಲ್ಲವಂತೆ. ಔಷಧಿಯಿಂದ ವಾಪಸು ಬರಬಹುದು ಎಂದಿದ್ದರು ಡಾಕ್ಟರು. ಬಂದೇ ಬರುತ್ತದೆಂದು ನಂಬಿ ಕಾದಿದ್ದ. ಬರಲಿಲ್ಲ. ಗದ್ದಲವಿದ್ದಲ್ಲಿ ಅವನಿಗೆ ಯಾವ ಮಾತೂ ತಿಳಿಯುತ್ತಿರಲಿಲ್ಲ.

"ಪ್ರತಿ ಸಲ ನಿನಗೆ ಹೇಳ್ಲಿಕ್ಕೆಂದೇ ಹೊರಡೋದು," ಎಂದ. "ಮಸ್ಮಕ್‌ನಲ್ಲಿ ಹೇಳ್ಬೇಕೆಂದಿದ್ದೆ. ದಿರಿಯಾದಲ್ಲಿ... ಆ ಬಂಡೆ ಮೇಲೆ. ನಿನ್ನ ಮುಖ ನೋಡಿದ ಕೂಡಲೇ ಹೆದರಿಕೆ ಆಗ್ತದೆ."

"ಎಂತದ ಹೆದರಿಕೆ?"

"ನೀನು ಬೇಡ ಅಂದ್ರೆ?"

ನುಸೈಬಾಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ದಿನ ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳಲು ಬಿಟ್ಟದ್ದಕ್ಕೆ ಅವನನ್ನು ಚೆನ್ನಾಗಿ ಬೈದಳು. ಅವನು ತಲೆತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ.

ಕೊನೆಗೆ ಅವಳು ಹೇಳಿದಳು, "ಉಪ್ಪನಿಗೆ ಇವತ್ತೇ ಹೇಳ್ಬೇಕು. ನೀವೇ ಹೇಳ್ಬೇಕು."

ಸಂಜೆ ಮಲಾಜ್‌ನ ಮನೆಯಲ್ಲಿ ಅನ್ಸಾರ್ ಏನೂ ಮುಚ್ಚಿಡಲಿಲ್ಲ. ಅಬ್ದುಲ್ ಹಕೀಂ ಅವರಿಗೆ ಬೇಸರವಾದದ್ದು ಕಿವಿ ಹೋದದ್ದಕ್ಕಲ್ಲ, ಮೊದಲೇ ಹೇಳಲಿಲ್ಲವೆಂದು. ಅದನ್ನು ಅವರು ಹೇಳಿಯೂ ಹೇಳಿದರು. ಆಮೇಲೆ ಮಗಳ ಕಡೆ ತಿರುಗಿದರು.

"ನಿನ್ನ ಮನಸ್ಸಲ್ಲಿ ಎಂತ ಉಂಟು, ಮಗಾ?"

ನುಸೈಬಾ ಎದ್ದು ನಿಂತಳು. ಅಕ್ಕಪಕ್ಕದ ಫ್ಲ್ಯಾಟಿಗೂ ಕೇಳಿಸುವಷ್ಟು ಜೋರಾಗಿ ಹೇಳಿದಳು:

"ನನಗೆ ಇವರೇ ಬೇಕು ಉಪ್ಪಾ. ಇವರಂದ್ರೆ ನನಗೆ ಇಷ್ಟ."

ಮೈಮೂನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ ಅಡುಗೆಮನೆಗೆ ಹೋದರು. ಅಬ್ದುಲ್ ಹಕೀಂ ಊರಿಗೆ ಫೋನ್ ಮಾಡಲು ಎದ್ದರು. ಹಾಲ್ ಗೊತ್ತುಮಾಡಿ ಎಂದು ಅವರು ಹೇಳುತ್ತಿದ್ದುದು ಒಳಗಿನಿಂದ ಕೇಳಿಸಿತು.

ಅನ್ಸಾರ್‌ನ ಮುಖ ಕಿವಿಯವರೆಗೂ ಕೆಂಪೇರಿತ್ತು.

"ಅಷ್ಟು ಜೋರಾಗಿ ಹೇಳ್ಬೇಕಿತ್ತಾ ಮಾರಾಯ್ತಿ? ಎಲ್ಲರಿಗೂ ಕೇಳಿಸಿತು."

"ಎಲ್ಲರಿಗೂ ಕೇಳಿಸಲಿ," ಎಂದಳು ನುಸೈಬಾ. "ನಿಮಗೆ ಕೇಳಿಸಿತಲ್ಲ?"

"ಹ್ಞೂಂ," ಎಂದ ಅವನು. "ನನಗೂ ಹೇಳ್ಲಿಕ್ಕುಂಟು. ಸ್ವಲ್ಪ ಹತ್ತಿರ ಬಾ."